ಏಳನೆಯ ನಂಬರ್ ಯಾರ ಹತ್ತಿರ ಇದೆ?

ಬೆಲ್ಲದ ಬಾಗೇವಾಡಿಯ ನಮ್ಮ ಹೈಸ್ಕೂಲಿನಿಂದ ಕಂಪ್ಯೂಟರ್ ಜಾಲದ ತರಬೇತಿಗೆ ಪಿ.ಟಿ. ಮಾಸ್ತರನನ್ನು ಯಾಕೆ ಕಳಿಸಿದಿರಿ ಎಂದು ಊರವರು ಇವತ್ತಿಗೂ ಕೇಳುತ್ತಾರೆ. ಕಾರಣ ದೊಡ್ಡದೇನಲ್ಲ. ಕಂಪ್ಯೂಟರ್ ಮೇಡಂ ಹೆರಿಗೆ ರಜೆಯಲ್ಲಿದ್ದರು. ವಿಜ್ಞಾನದವರಿಗೆ ಪರೀಕ್ಷೆಯ ಕೆಲಸವಿತ್ತು. ಕನ್ನಡ ಕಲಿಸುವ ನಾನು ಕೈ ಎತ್ತಿದೆ. ಹೆಡ್ ಮಾಸ್ತರರು ನನ್ನ ಕೈಯನ್ನು ದಾಟಿ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಶ್ರೀಶೈಲ ಮಾಸ್ತರ ಖಾಲಿ ಮೈದಾನದಲ್ಲಿ ನಿಂತು, ಯಾರೂ ಇಲ್ಲದ ಸಾಲಿಗೆ ಸೀಟಿ ಊದಿ ‘ಸಾವಧಾನ್’ ಎನ್ನುತ್ತಿದ್ದ. ಇಲ್ಲದವರಿಗೆ ಆಜ್ಞೆ ಕೊಡಬಲ್ಲವನು ಕಾಣದ ಜಾಲವನ್ನೂ ಸಂಭಾಳಿಸುತ್ತಾನೆ ಎಂದು ಅವರಿಗೆ ಅನ್ನಿಸಿರಬೇಕು.

ಹುಕ್ಕೇರಿಯಲ್ಲಿ ಮೂರು ದಿನ ಇದ್ದು, ಮೂರೂ ದಿನ ಊಟ ಚೆನ್ನಾಗಿತ್ತು ಎಂಬ ವರದಿಯೊಂದಿಗೆ ಶ್ರೀಶೈಲ ಮರಳಿದ. ಜೊತೆಗೆ ಒಂದು ಪ್ರಮಾಣಪತ್ರ ತಂದಿದ್ದ. ಅದಕ್ಕೆ ಕಟ್ಟು ಹಾಕಿಸಿ ಬಸವಣ್ಣನ ಫೋಟೋದ ಪಕ್ಕದ ಮೊಳೆಗೆ ನೇತುಹಾಕಿದ. ಮನೆಗೆ ಬಂದವರು ಮೊದಲು ಅದನ್ನು ಓದಬೇಕು, ಆಮೇಲೆ ಚಹಾ. ನಾನು ಬಾಜೂ ಮನೆಯವನಾದ್ದರಿಂದ ಆ ವಾರ ಅದನ್ನು ಹನ್ನೊಂದು ಸಲ ಓದಿದೆ.

ತರಬೇತಿಯಲ್ಲಿ ಅವನಿಗೆ ಒಂದು ಪ್ರೋಗ್ರಾಮ್ ಕೊಟ್ಟಿದ್ದರು. ಮನೆಯೊಳಗೆ ಟಿವಿ, ಫೋನು, ವೈಫೈ ಡಬ್ಬಿ ಎಲ್ಲ ಸುಮ್ಮನೆ ಕೂತಂತೆ ಕಂಡರೂ ಅವು ಒಂದರೊಡನೆ ಒಂದು ಸದಾ ಮಾತಾಡುತ್ತಿರುತ್ತವಂತೆ. ಗಾಳಿಯಲ್ಲಿ ಹೋಗುವ ಆ ಮಾತನ್ನು ಹಿಡಿದು, ಯಾರು ಯಾರನ್ನು ಕರೆದರು, ಕರೆಸಿಕೊಂಡವರು ಓ ಅಂದರೋ ಇಲ್ಲವೋ ಎಂದು ಸಾಲುಸಾಲಾಗಿ ಲ್ಯಾಪ್‌ಟಾಪಿನ ಪರದೆಯ ಮೇಲೆ ತೋರಿಸುವುದು ಆ ಪ್ರೋಗ್ರಾಮಿನ ಕೆಲಸ. ಕದ್ದು ಕೇಳುವುದಕ್ಕೆ ಸರಕಾರದ ಪ್ರಮಾಣಪತ್ರ ಸಿಗುತ್ತದೆ ಎಂದು ತಿಳಿದಾಗ ನಮ್ಮ ಓಣಿಯ ಸುಂದ್ರವ್ವನಿಗೆ ಬಹಳ ಬೇಜಾರಾಯಿತು. ಆಕೆ ನಲವತ್ತು ವರ್ಷದಿಂದ ಅದನ್ನು ಪುಕ್ಕಟೆ ಮಾಡುತ್ತಿದ್ದಳು.

ವಿದ್ಯೆಯ ಪ್ರದರ್ಶನಕ್ಕೆ ಶ್ರೀಶೈಲ ಆರಿಸಿಕೊಂಡದ್ದು ತನ್ನ ಚಿಕ್ಕಮ್ಮ ಬಾಳವ್ವನ ಮನೆಯನ್ನು. ನಮ್ಮ ಇಡೀ ಓಣಿಗೆ ಇರುವುದು ಒಂದೇ ವೈಫೈ, ಅದರ ಡಬ್ಬಿ ಇರುವುದು ಬಾಳವ್ವನ ಪಡಸಾಲೆಯಲ್ಲಿ. ಅದನ್ನು ಕೂರಿಸಿದವನು ಆಕೆಯ ಮಗ ಮಹೇಶ. ಈ ಮಹೇಶನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮೂರು ವರ್ಷದ ಹಿಂದೆ ಹೊಲದ ಮೋಟರ್ ಸುಟ್ಟಿತೆಂದು ಅದನ್ನು ಹೊತ್ತುಕೊಂಡು ಕಣಗಲಾಕ್ಕೆ ಹೋದ. ನಾಲ್ಕು ದಿನದ ಮೇಲೆ ವೈಂಡಿಂಗ್ ಮುಗಿಸಿದ ಮೋಟರ್ ಟೆಂಪೋದಲ್ಲಿ ಮನೆಗೆ ಬಂತು. ಮಹೇಶ ಬರಲಿಲ್ಲ. ಹೆದ್ದಾರಿಯ ಕಡೆ ಹೋಗುತ್ತಿದ್ದ ಎಂದು ಒಬ್ಬ ಹೇಳಿದ, ಅಷ್ಟೇ. ಠಾಣೆಯಲ್ಲಿ ದೂರು ಕೊಟ್ಟರು, ಬಸ್ ಸ್ಟ್ಯಾಂಡುಗಳಲ್ಲಿ ಫೋಟೋ ಅಂಟಿಸಿದರು, ಫೋನು ಅವತ್ತಿನಿಂದ ಬಂದ್. ಮನೆಯಲ್ಲಿ ಈಗ ತಾಯಿ ಬಾಳವ್ವ, ಹೆಂಡತಿ ದಾಕ್ಷಾಯಿಣಿ, ಒಂದು ಆಕಳು, ಒಂದು ಕರು.

ಸೋಮವಾರ ಸಂಜೆ ಶ್ರೀಶೈಲ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ನಾನು, ಬಾಳವ್ವ, ಹೆಪ್ಪು ಕೇಳಲು ಬಂದು ಹೆಪ್ಪನ್ನೇ ಮರೆತ ಸುಂದ್ರವ್ವ ಸುತ್ತ ಕೂತೆವು.

“ನೋಡಬೇ ಚಿಗವ್ವಾ, ಈ ಸಾಲು ನಿಮ್ಮ ಟಿವಿ. ಟಿವಿ ಡಬ್ಬಿನ ಕರೀತು. ಡಬ್ಬಿ ಓ ಅಂತು. ಮುಗೀತು.”

“ಟಿವಿ ಬಂದ್ ಐತಲ್ಲೋ.”

“ಬಂದ್ ಇದ್ರೂ ಮಾತಾಡತೈತಿಬೇ. ಮತ್ತ ಕೇಳಸ್ಕೋತನೂ ಇರತೈತಿ.”

ಬಾಳವ್ವ ಟಿವಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಅವತ್ತಿನಿಂದ ಆಕೆ ಟಿವಿಯ ಮುಂದೆ ಕೂತು ಸೊಸೆಯ ಮೇಲೆ ಚಾಡಿ ಹೇಳುವುದನ್ನು ಬಿಟ್ಟಿದ್ದಾಳೆ. ಆ ತರಬೇತಿಯಿಂದ ಊರಿಗೆ ಆದ ಮೊದಲ ಉಪಕಾರ ಅದು.

ಮನೆಯ ಪ್ರತಿ ಉಪಕರಣಕ್ಕೂ ಒಂದು ನಂಬರ್ ಇರುತ್ತದೆ ಎಂದು ಶ್ರೀಶೈಲ ವಿವರಿಸಿದ. ಮಹೇಶ ಅಚ್ಚುಕಟ್ಟಿನ ಮನುಷ್ಯ, ಡಬ್ಬಿಯ ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಿಂದ ಪಟ್ಟಿ ಬರೆದಿಟ್ಟಿದ್ದ. ಮೂರು, ಟಿವಿ. ಐದು, ದಾಕ್ಷಾಯಿಣಿ. ಏಳು, ಮಹೇಶ. ಅದರ ಕೆಳಗಿನದೆಲ್ಲ ಹೋದ ದೀಪಾವಳಿಯ ಸುಣ್ಣದಲ್ಲಿ ಮುಚ್ಚಿಹೋಗಿತ್ತು.

ಐದು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದು ಹೊಸ ಸಾಲು ಬಂತು. ಶ್ರೀಶೈಲ ಅದನ್ನು ನೋಡಿದ, ಓದಿದ, ನನ್ನ ಕಡೆ ತಿರುಗಿದ. ಇಂಗ್ಲಿಷಿನಲ್ಲಿತ್ತು.

“ಸರ, ಇದನ್ನ ಕನ್ನಡದಾಗ ಹೇಳ್ರಿ.”

ಭಾಷಾಂತರ ಎಂದರೆ ನನಗೆ ಮೊದಲಿನಿಂದಲೂ ಹುರುಪು. ಗಂಟಲು ಸರಿಮಾಡಿಕೊಂಡು, ಪಾಠ ಓದುವ ದನಿಯಲ್ಲಿ ಓದಿದೆ:

“ಏಳನೆಯ ನಂಬರ್ ಯಾರ ಹತ್ತಿರ ಇದೆ? ಹನ್ನೆರಡಕ್ಕೆ ತಿಳಿಸಿ.”

ಓದಿ ಮುಗಿಸುವುದರೊಳಗೆ ಅದೇ ಸಾಲು ಇನ್ನೊಮ್ಮೆ ಬಂತು. ಸ್ವಲ್ಪ ತಡೆದು ಮತ್ತೊಮ್ಮೆ. ಮೂರು ಸಲ ಕೇಳಿ, ಯಾರೂ ಓ ಅನ್ನದಿದ್ದಾಗ ಅದು ನಿಂತಿತು. ಟಿವಿ, ಡಬ್ಬಿ ತಮ್ಮ ಮಾತು ಮುಂದುವರಿಸಿದವು. ಪಡಸಾಲೆಯಲ್ಲಿ ಗಡಿಯಾರದ ಸದ್ದು ಮೊದಲೂ ಇದ್ದಿರಬೇಕು, ಆದರೆ ನನಗೆ ಕೇಳಿಸಿದ್ದು ಆಗಲೇ.

“ಹನ್ನೆರಡು ಅಂದ್ರ ಯಾರು?” ಬಾಳವ್ವ ಕೇಳಿದಳು.

ಎಲ್ಲರೂ ಗೋಡೆಯನ್ನು ನೋಡಿದೆವು. ಏಳರ ಕೆಳಗೆ ಸುಣ್ಣ ಬೆಳ್ಳಗಿತ್ತು.

“ನನ್ನ ಮಗನ್ನ ಯಾರ ಕೇಳಾಕತ್ತಾರೋ ಶಿರಸೈಲ?”

ಪ್ರಮಾಣಪತ್ರವಿದ್ದ ಮನುಷ್ಯನಿಗೆ ಗೊತ್ತಿಲ್ಲ ಎನ್ನುವುದು ಕಷ್ಟ. ಅವನು ಕೊರಳಿನ ಸೀಟಿಯನ್ನು ಒಮ್ಮೆ ಮುಟ್ಟಿಕೊಂಡು, “ಇನ್ನ ವಿಶ್ಲೇಷಣೆ ಮಾಡಬೇಕಬೇ” ಎಂದ. ಈ ಮಾತೊಂದು ಆಗ ಬೇಡವಾಗಿತ್ತು. ಸುಂದ್ರವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು, ಹೆಪ್ಪನ್ನು ಅಲ್ಲೇ ಬಿಟ್ಟಳು.

ಮರುದಿನ ಮುಂಜಾನೆ ಏಳೂವರೆಗೆ ಅದೇ ಪ್ರಶ್ನೆ. ಸಂಜೆ ಐದೂ ಹತ್ತಕ್ಕೆ ಮತ್ತೆ ಅದೇ. ಬುಧವಾರವೂ ಅಷ್ಟೇ. ದಿನಕ್ಕೆ ಎರಡು ಹೊತ್ತು, ಪ್ರತಿ ಹೊತ್ತಿಗೂ ಮೂರು ಸಲ, ಹನ್ನೆರಡು ಎಂಬುದು ಏಳನ್ನು ಹುಡುಕುತ್ತಿತ್ತು. ಊರಲ್ಲಿ ಅದಕ್ಕೆ ಅರ್ಥ ಹಚ್ಚಲು ಪ್ರೋಗ್ರಾಮ್ ಬೇಕಾಗಲಿಲ್ಲ. ಮಹೇಶ ಸತ್ತಿದ್ದಾನೆ, ಮಣ್ಣು ಕಾಣದ ಜೀವ ಮನೆಯ ಗಾಳಿಯಲ್ಲೇ ಸುತ್ತುತ್ತಿದೆ, ಹನ್ನೆರಡು ಅದನ್ನು ಕರೆದೊಯ್ಯಲು ಬಂದದ್ದು ಎಂದು ಮಾತಾಯಿತು. ಓಣಿಯ ಜನ ವೈಫೈ ಬಳಸುವುದನ್ನು ಬಿಡಲಿಲ್ಲ, ಆದರೆ ಬಳಸುವ ಮೊದಲು ವಿಭೂತಿ ಹಚ್ಚಿಕೊಳ್ಳತೊಡಗಿದರು.

ಹಳೆಯ ದೂರಿನ ಕಡತ ಹಿಡಿದುಕೊಂಡು ಠಾಣೆಯ ಜಮಾದಾರರೂ ಬಂದರು. ಕುರ್ಚಿಯಲ್ಲಿ ಕೂತು ಹಾಳೆ ತೆಗೆದರು.

“ಯಾರು ಕೇಳಾಕತ್ತಾರಂತ ಬರೀಲಿ?”

“ಹನ್ನೆರಡ್ರಿ,” ಎಂದ ಶ್ರೀಶೈಲ.

“ಪೂರ್ಣ ವಿಳಾಸ ಹೇಳ್ರಿ.”

“ಒಂದು ನೂರಾ ತೊಂಬತ್ತೆರಡು, ಚುಕ್ಕಿ, ಒಂದು ನೂರಾ ಅರವತ್ತೆಂಟು, ಚುಕ್ಕಿ, ಒಂದು, ಚುಕ್ಕಿ, ಹನ್ನೆರಡು.”

“ಮನಿ ನಂಬರ ಆತು. ಓಣಿ? ತಾಲೂಕು?”

“ಇದ ಮನಿಯಾಗ ಐತ್ರಿ.”

ಜಮಾದಾರರ ಪೆನ್ನು ನಿಂತಿತು. “ಇದ ಮನಿಯಾಗ ಅಂದ್ರ, ಈಗೂ?”

“ಈಗೂ ಐತ್ರಿ. ಡಬ್ಬಿ ಹೇಳತೈತಿ. ಬರೇ ಕಣ್ಣಿಗೆ ಕಾಣವೊಲ್ದು.”

ಜಮಾದಾರರು ಕುರ್ಚಿಯನ್ನು ಎತ್ತಿ ಹೊಸ್ತಿಲ ಆಚೆ ಇಟ್ಟುಕೊಂಡು, ಉಳಿದ ವಿಚಾರಣೆಯನ್ನು ಅಂಗಳದಿಂದಲೇ ಮುಗಿಸಿದರು. ಹೋಗುವಾಗ ಚಪ್ಪಲಿಯನ್ನು ಸ್ವಲ್ಪ ದೂರ ಕೈಯಲ್ಲಿ ಹಿಡಿದುಕೊಂಡೇ ನಡೆದರು. ಮೆಟ್ಟಿಕೊಳ್ಳಲು ನಿಲ್ಲುವ ಮನಸ್ಸಾಗಿರಲಿಲ್ಲ.

ಇಷ್ಟರವರೆಗೆ ನಗುವವರು ನಕ್ಕಿದ್ದರು. ಗುರುವಾರ ಬಾಳವ್ವ ಮಾತು ಮುಗಿಸಿಬಿಟ್ಟಳು.

“ಬರೂ ಮಂಗಳವಾರ ಅಮಾವಾಸಿ. ಅವತ್ತ ಅವನ ಒಂದು ಜೋಡಿ ಬಟ್ಟಿಗೆ ಮಣ್ಣ ಕೊಡೂನು. ಅಯ್ಯಾರಿಗೆ ಹೇಳಿ ಕಳಿಸೇನಿ. ಶನಿವಾರ ಬಂದು ಏನೇನ ಬೇಕಂತ ಯಾದಿ ಕೊಡತಾರ. ನನ್ನ ಮಗ ಸತ್ತಾನ. ಸತ್ತಾವ್ನ ಎಷ್ಟ ದಿನ ಹಿಡದ ಇಟ್ಕೊಳ್ಳೋದು?”

ಆಕೆ ಅದನ್ನು ಹೇಳಿದ್ದು ಕಾಳು ಹಸನು ಮಾಡುತ್ತ, ಮೊರದಿಂದ ತಲೆ ಎತ್ತದೆ. ಗಟ್ಟಿ ಹೆಂಗಸು ಎಂದು ಊರು ಹೇಳುತ್ತಿದ್ದದ್ದು ಸುಳ್ಳಲ್ಲ ಅನ್ನಿಸಿತು. ದಾಕ್ಷಾಯಿಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಎಳೆದು ಎರಡೂ ಕೈಯ ಬಳೆಗಳನ್ನು ಮುಚ್ಚಿಕೊಂಡಳು. ಬಟ್ಟೆಗೆ ಮಣ್ಣು ಬಿದ್ದ ದಿನ ಆ ಬಳೆ ಉಳಿಯುವುದಿಲ್ಲ ಎಂದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವತ್ತು ಶ್ರೀಶೈಲ ನನ್ನ ಮನೆಯ ಕಟ್ಟೆಗೆ ಬಂದು ಕೂತ. ಅವನನ್ನು ಅಷ್ಟು ಸಣ್ಣವನಾಗಿ ನಾನು ನೋಡಿರಲಿಲ್ಲ.

“ಸರ, ಆ ಹುಡುಗಿ ಬಳಿ ನಾ ಒಡದಂಗ ಆತಲ್ರಿ. ಒಂದ ಕಟ್ಟ ಹಾಕಿದ ಕಾಗದದ ಸಲುವಾಗಿ.”

“ನೀ ಒಬ್ಬನ ಅಲ್ಲೋ. ಕನ್ನಡ ಮಾಡಿ ಹೇಳಿದಾವ ನಾ,” ಎಂದೆ. ಅದೂ ಖರೆ. ನನ್ನ ಓದುವ ದನಿ ಅಷ್ಟು ಗಂಭೀರವಾಗಿರದಿದ್ದರೆ ಅರ್ಧ ಭಯ ಕಡಿಮೆಯಾಗುತ್ತಿತ್ತು.

“ಮಂಗಳವಾರದೊಳಗ ಈ ಹನ್ನೆರಡನ್ನ ಹಿಡೀಬೇಕ್ರಿ.”

ಶುಕ್ರವಾರ ಸಂಜೆ ಅವನು ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೆಲಸಕ್ಕಿಳಿದ. ಓಣಿಯ ಎಲ್ಲ ಮನೆಗಳಿಗೂ ಹೋಗಿ ಸೀಟಿ ಊದಿ ಫೋನುಗಳನ್ನು ಬಂದ್ ಮಾಡಿಸಿದ. ಬಾಳವ್ವನ ಟಿವಿಯ ವಾಯರನ್ನು ಕಿತ್ತ. ಮಿಕ್ಸರ್ ಮಾತಾಡುವುದಿಲ್ಲ ಎಂದು ಅವನಿಗೆ ಗೊತ್ತಿದ್ದರೂ, ಸುಂದ್ರವ್ವನ ಸಮಾಧಾನಕ್ಕೆ ಅದನ್ನೂ ಕಿತ್ತ. ಕೊನೆಗೆ ಉಳಿದದ್ದು ವೈಫೈ ಡಬ್ಬಿ ಮತ್ತು ಅವನ ಲ್ಯಾಪ್‌ಟಾಪು, ಎರಡೇ. ಪರದೆ ಖಾಲಿಯಾಯಿತು. ಹಾಗೆ ಖಾಲಿಯಾದ ಪರದೆಯನ್ನು ನೋಡುತ್ತ ಕೂರುವುದು ಬೋರಿನೊಳಗೆ ಬಗ್ಗಿ ನೋಡಿದ ಹಾಗೆ ಇತ್ತು. ಫ್ಯಾನೂ ಇಲ್ಲ, ಫ್ರಿಜ್ಜಿನ ಗುಂಯ್ ಇಲ್ಲ. ಹಿತ್ತಲ ಕಡೆ ಬಸ್ಸೊಂದು ನಿಂತು ಹೋದ ಸದ್ದು ಬಂತು.

ಐದು ಹತ್ತು.

ಏಳನೆಯ ನಂಬರ್ ಯಾರ ಹತ್ತಿರ ಇದೆ? ಹನ್ನೆರಡಕ್ಕೆ ತಿಳಿಸಿ.

ಈ ಸಲ ನಾನು ಓದಲಿಲ್ಲ. ಎಲ್ಲರಿಗೂ ಬಾಯಿಪಾಠವಾಗಿತ್ತು. ಮನೆಯಲ್ಲಿ ಇದ್ದದ್ದೆಲ್ಲ ಬಾಯಿ ಮುಚ್ಚಿದ ಮೇಲೂ ಒಂದು ಬಾಯಿ ಉಳಿದಿತ್ತು. ಸುಂದ್ರವ್ವ ನನ್ನ ತೋಳನ್ನು ಹಿಡಿದದ್ದು ಆಕೆಗೂ ತಿಳಿಯಲಿಲ್ಲ, ಆಮೇಲೆ ನೋಡಿದಾಗ ಐದು ಉಗುರಿನ ಗುರುತು ಇತ್ತು.

ಅದೇ ಹೊತ್ತಿಗೆ ಮಾಯಪ್ಪ ಬಂದ. ತುಕ್ಕಾನಟ್ಟಿಯ ಕುರುಬ; ಗೊಬ್ಬರಕ್ಕೆಂದು ಅವನ ಇನ್ನೂರು ಕುರಿ ಆ ವಾರ ಬಾಳವ್ವನ ಹೊಲದಲ್ಲಿ ನಿಂತಿದ್ದವು. ಹೊಲದವರು ಕೊಡಬೇಕಾದ ಜೋಳ ಒಯ್ಯಲು ಬಂದವನು, ಹೆಗಲ ಕಂಬಳಿ ಇಳಿಸದೆ ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನು ನೋಡಿದ.

“ಏನ ಆಗೇತ್ರಿ ಮಾಸ್ತರ?”

ಶ್ರೀಶೈಲ ಹೇಳಿದ. ಎರಡು ಹೊತ್ತು ಕೇಳುವುದು, ಮೂರು ಸಲ ಕೇಳುವುದು, ಉತ್ತರ ಬರದಿದ್ದರೆ ಸುಮ್ಮನಾಗುವುದು. ಮಾಯಪ್ಪ ಪರದೆಯನ್ನು ನೋಡಲೇ ಇಲ್ಲ. ಕಿವಿಯಿಂದಲೇ ಎಲ್ಲ ತಿಳಿದುಕೊಂಡ.

“ಇದು ದೆವ್ವ ಅಲ್ರಿ. ತಾಯಿ ಕುರಿ. ಮರಿ ಕಳಕೊಂಡ ಕುರಿ ಹಿಂಗ ಮಾಡತೈತಿ. ಮುಂಜಾನಿ ಹಟ್ಟಿ ಬಿಡೂ ಹೊತ್ತಿಗೆ, ಸಂಜಿಕ ಹಟ್ಟಿಗೆ ಬರೂ ಹೊತ್ತಿಗೆ. ಮೂರ ಸಲ ಒದರತೈತಿ, ಕಿವಿ ನೆಟ್ಟಗ ಮಾಡಿ ಕೇಳತೈತಿ, ಸುಮ್ಮನಾಗತೈತಿ. ಮರಿ ಓ ಅಂದ್ರ ಮುಂದ ಹೋಗಿ ಮೂಸತೈತಿ.”

“ಮರಿ ಓ ಅನ್ನಲಿಲ್ಲಂದ್ರ?”

“ನಾಳಿ ಮತ್ತ ಒದರತೈತಿ.”

“ಅದಕ್ಕ ನೀವ ಏನ ಮಾಡತೀರಿ?”

“ಸತ್ತ ಮರಿ ತೊಗಲ ತಗದು ತಬ್ಬಲಿ ಮರಿಗೆ ಹೊದಿಸಿ ಮುಂದ ಬಿಡತೀವ್ರಿ. ತಾಯಿ ಮೂಸಿ ನೋಡಿ, ತನ್ನ ಮರೀನ ಅಂತ ತಿಳದು ಹಾಲ ಬಿಡತೈತಿ. ಬಿಟ್ಟ ಮ್ಯಾಲ ಗೊತ್ತಾಗೋದು, ಕೆಚ್ಚಲದಾಗ ಎಷ್ಟ ಹಾಲ ಕಟ್ಟಿತ್ತು ಅಂತ.”

ಶ್ರೀಶೈಲ ಎದ್ದು ನಿಂತುಬಿಟ್ಟ. ಮೂರು ದಿನದ ತರಬೇತಿಯಲ್ಲಿ ಮೂರನೆಯ ದಿನ ಊಟದ ನಂತರ, ಅವನು ತೂಕಡಿಸುತ್ತಿದ್ದಾಗ, ಯಾರೋ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರಂತೆ. ತನ್ನ ಲ್ಯಾಪ್‌ಟಾಪಿಗೆ ಏಳನೆಯ ನಂಬರನ್ನೇ ಹಾಕಿಬಿಟ್ಟರೆ, ಹನ್ನೆರಡು ಕರೆದಾಗ ಲ್ಯಾಪ್‌ಟಾಪು ಓ ಅನ್ನುತ್ತದೆ. ಆಗ ಹನ್ನೆರಡು ಏನು ಹೇಳಬೇಕೆಂದಿದೆಯೋ ಅದನ್ನು ಹೇಳುತ್ತದೆ.

“ಅಂದ್ರ ನನ್ನ ಮಗನ ನಂಬರ ನೀ ಹಾಕ್ಕೋತಿ?” ಬಾಳವ್ವ ಕೇಳಿದಳು.

“ಒಂದ ಹೊತ್ತಿಗಬೇ.”

“ಸಣ್ಣಾವ ಇದ್ದಾಗ ಅವನ ಅಂಗಿ ತೊಟ್ಟಿ, ಚಡ್ಡಿ ತೊಟ್ಟಿ. ಈಗ ನಂಬರೂ ತೊಡು,” ಎಂದು ಆಕೆ ಒಳಗೆ ಹೋದಳು. ಅದು ಅಪ್ಪಣೆಯೋ ಬೈಗುಳವೋ ಎಂದು ಶ್ರೀಶೈಲ ನನ್ನನ್ನು ಕೇಳಿದ. ಎರಡೂ ಇದ್ದೀತು ಎಂದೆ.

ಶನಿವಾರ ಶ್ರೀಶೈಲ ಮಧ್ಯಾಹ್ನವೇ ಇನ್ನೊಮ್ಮೆ ಸ್ನಾನ ಮಾಡಿದ, ಹಣೆ ತುಂಬ ವಿಭೂತಿ ಬಳಿದುಕೊಂಡ, ಲಿಂಗಕ್ಕೆ ಕೈಮುಗಿದ. ಆಮೇಲೆ ಏಳನೆಯ ನಂಬರನ್ನು ಹಾಕಿಕೊಂಡ. ಹಾಕಿಕೊಂಡದ್ದು ಲ್ಯಾಪ್‌ಟಾಪಿಗಾದರೂ, ಆಮೇಲೆ ಅರ್ಧ ಗಂಟೆ ಅವನು ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ನಾವೆಲ್ಲ ಪಡಸಾಲೆಯಲ್ಲಿ ಸೇರಿದ್ದೆವು: ನಾನು, ಬಾಳವ್ವ, ಸುಂದ್ರವ್ವ, ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಮಾಯಪ್ಪ. ದಾಕ್ಷಾಯಿಣಿ ಕರು ಕಟ್ಟಿ ಬರುತ್ತೇನೆಂದು ಎದ್ದುಹೋದಳು. ಆಕೆ ಪ್ರತಿ ದಿನವೂ ಇದೇ ಹೊತ್ತಿಗೆ ಎದ್ದುಹೋಗುತ್ತಿದ್ದಳು, ಒಬ್ಬರಿಗೂ ಅದು ಕಂಡಿರಲಿಲ್ಲ. ಮನೆಯ ಸೊಸೆ ಕೋಣೆಯಲ್ಲಿ ಇದ್ದರೂ ಇಲ್ಲದಿದ್ದರೂ ಲೆಕ್ಕಕ್ಕೆ ಹಿಡಿಯದ ಜನ ನಾವು.

ಐದು ಹತ್ತು. ಬಸ್ಸು ನಿಂತು ಹೋದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಲು ಬಂತು.

ಏಳನೆಯ ನಂಬರ್ ಯಾರ ಹತ್ತಿರ ಇದೆ?

ಅದರ ಕೆಳಗೇ, ಆರು ದಿನದಲ್ಲಿ ಮೊದಲ ಸಲ, ಇನ್ನೊಂದು ಸಾಲು ಮೂಡಿತು.

ಏಳು ಇಲ್ಲಿದೆ.

ಅದು ನಮ್ಮದೇ ಲ್ಯಾಪ್‌ಟಾಪು ಹೇಳಿದ್ದು ಎಂದು ಗೊತ್ತಿದ್ದೂ ನನ್ನ ಮೈಯ ರೋಮ ಎದ್ದು ನಿಂತವು. ಬಾಳವ್ವ “ಹಾಂ” ಎಂದಳು, ಯಾರೋ ಹೊರಗಿನಿಂದ ಕರೆದಂತೆ. ಒಂದು ಕ್ಷಣ ಪರದೆ ನಿಂತಿತು. ಆಮೇಲೆ ಸಾಲುಗಳು ಧೋ ಎಂದು ಸುರಿಯತೊಡಗಿದವು. ಶ್ರೀಶೈಲ ಪರದೆಗೆ ಮೂಗು ತಾಗುವಷ್ಟು ಬಗ್ಗಿದ.

“ತುಂಡ ತುಂಡ ಬರಾಕತ್ತೈತ್ರಿ ಸರ. ಜೋಡಸ್ತೇನಿ. ಇದು ಚಿತ್ರ.”

ಚಿತ್ರ ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ ಬಿಚ್ಚಿಕೊಂಡಿತು. ಮೊದಲು ಒಂದಿಷ್ಟು ಬಿಳಿ ಆಕಾಶ. ಆಮೇಲೆ ಕಬ್ಬಿನ ಸುಳಿ. ಧೂಳೆದ್ದ ರಸ್ತೆ. ಎಲ್ಲವನ್ನೂ ಯಾರೋ ಎತ್ತರದಲ್ಲಿ ಕೂತು ನೋಡುತ್ತಿರುವ ಹಾಗೆ. ಅದರ ಕೆಳಗೆ ಕರ್ರಗೆ ಕೂದಲು, ನಡುವೆ ಬೈತಲೆ. ಸುಂದ್ರವ್ವ ಕಿಟಾರನೆ ಚೀರಿದಳು. ಪಟ್ಟಿಗಳು ಇಳಿಯುತ್ತಲೇ ಇದ್ದವು: ಹಣೆ, ಭುಜ, ಗೇಟಿನ ಸರಳು ಹಿಡಿದ ಒಂದು ಕೈ, ಆ ಕೈಯಲ್ಲಿ ಹಸಿರು ಬಳೆ.

ಅದು ದಾಕ್ಷಾಯಿಣಿ.

“ಹಿತ್ತಲ ಗೇಟು,” ಎಂದಳು ಬಾಳವ್ವ ಮೆಲ್ಲಗೆ.

ಹಿತ್ತಲ ಗೇಟು ಕಬ್ಬಿನ ನಡುವೆ, ಬಸ್ ರಸ್ತೆಗೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಂತವರು ಊರಿಗೆ ಕಾಣುವುದಿಲ್ಲ. ಮೋಟರ್ ಕಳ್ಳರ ಕಾಟವಿದ್ದ ಕಾಲದಲ್ಲಿ ಮಹೇಶ ಆ ಗೇಟಿನ ಕಂಬದ ಮೇಲೆ ಒಂದು ಕ್ಯಾಮೆರಾ ಕೂರಿಸಿ, ಮಳೆ ತಾಗದಂತೆ ತಗಡು ಹೊದಿಸಿದ್ದ. ಬೋರಿನ ಲೈನಿನಿಂದ ಕರೆಂಟು ಕೊಟ್ಟಿದ್ದರಿಂದ ಶುಕ್ರವಾರ ನಾವು ಎಲ್ಲ ಕಿತ್ತಾಗಲೂ ಅದು ಉಳಿದಿತ್ತು. ದಾಟಿ ಹೋದವರ ಗೊಡವೆಗೆ ಹೋಗದೆ, ಗೇಟಿನಲ್ಲಿ ಯಾರಾದರೂ ನಿಂತೇ ಇದ್ದರೆ ಫೋಟೋ ತೆಗೆದು ತನ್ನ ಫೋನಿಗೆ ತಿಳಿಸು ಎಂದು ಅದಕ್ಕೆ ಹೇಳಿಟ್ಟಿದ್ದ. ಅವನು ಹೋದ. ಹಾಗಲ ಬಳ್ಳಿ ತಗಡಿನ ಮೇಲೆ ಹಬ್ಬಿತು. ನಮ್ಮ ಹನ್ನೆರಡು ಅದೇ; ತನಗೆ ಹೇಳಿದ ಕೆಲಸವನ್ನು ಅದು ಮಾಡುತ್ತಲೇ ಇತ್ತು.

“ಆ ತಗಡಿನ ಡಬ್ಬಿ?” ಎಂದಳು ಬಾಳವ್ವ. “ನಾ ಅದನ್ನ ಲೈಟಿನ ಮೀಟರ ಅಂತ ತಿಳಕೊಂಡಿದ್ದೆ.”

ಚೀರಾಟ ಕೇಳಿ ದಾಕ್ಷಾಯಿಣಿ ಓಡಿ ಬಂದಳು. ಬಂದವಳು ಪರದೆಯ ಮೇಲೆ ತನ್ನನ್ನೇ ನೋಡಿ ಗೋಡೆಗೆ ಒರಗಿದಳು. ಅಷ್ಟರಲ್ಲಿ ಮಾಯಪ್ಪ ಹೇಳಿದ ತಾಯಿ ಕುರಿ ಹಾಲು ಬಿಟ್ಟಿತ್ತು. ಕೇಳುವವರು ಸಿಕ್ಕರೆಂದು ಹನ್ನೆರಡು ತನ್ನಲ್ಲಿ ಕಟ್ಟಿಟ್ಟದ್ದನ್ನೆಲ್ಲ ಕಳಿಸತೊಡಗಿತ್ತು. ಶುಕ್ರವಾರದ ಸಂಜೆ, ದಾಕ್ಷಾಯಿಣಿ. ಗುರುವಾರದ ಸಂಜೆ, ದಾಕ್ಷಾಯಿಣಿ, ಬಸ್ಸಿನ ಕಡೆ ಮುಖ. ಯುಗಾದಿಯ ಸಂಜೆ ಹೊಸ ಸೀರೆ. ಸಂಕ್ರಾಂತಿಯ ಸಂಜೆ ಕೈಯಲ್ಲಿ ಮುಚ್ಚಿದ ತಟ್ಟೆ. ದಿನಾಲೂ ಕಣಗಲಾದ ಬಸ್ಸು ಬರುವ ಹೊತ್ತು. ಮಳೆಯಲ್ಲಿ ಗೋಣಿಚೀಲ ಹೊದ್ದುಕೊಂಡದ್ದೂ ಇತ್ತು. ದಿನಾ ಯಾರೋ ನಿಮ್ಮ ಬಾಗಿಲಲ್ಲಿ ನಿಂತಿದ್ದಾರೆ ಎಂದು ಆ ಡಬ್ಬಿ ಮಹೇಶನಿಗೆ ಹೇಳಲು ಹೋಗಿ, ಅವನು ಸಿಗದೆ, ಅವನನ್ನು ಕೇಳಿ ಕೇಳಿ ಸುಮ್ಮನಾಗಿತ್ತು.

ನನ್ನ ಕಣ್ಣು ಒದ್ದೆಯಾಗಿತ್ತು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ.

“ಮತ್ತ ಮುಂಜಾನಿ ಏಳೂವರೀದು?” ಎಂದು ಸುಂದ್ರವ್ವ ಕೇಳಿದಳು. ಎಂಥ ಹೊತ್ತಿನಲ್ಲೂ ಆಕೆ ಲೆಕ್ಕ ತಪ್ಪುವುದಿಲ್ಲ.

ದಾಕ್ಷಾಯಿಣಿ ತಲೆ ಅಲ್ಲಾಡಿಸಿದಳು. “ಮುಂಜಾನಿ ನಾ ಅಲ್ರಿ. ಏಳೂವರಿಗೆ ನಾ ಹಾಲ ಹಿಂಡತಿರತೇನಿ.”

ಶ್ರೀಶೈಲ ಮುಂಜಾನೆಯ ಒಂದು ಚಿತ್ರವನ್ನು ಜೋಡಿಸಿದ. ಆಕಾಶ, ಕಬ್ಬು, ಮೊದಲ ಬಸ್ಸಿನ ಬೆನ್ನು. ಅದರ ಕೆಳಗೆ ಬಿಳಿಯ ಕೂದಲು, ತಲೆಯ ಮೇಲೆ ಹೊದ್ದ ಸೆರಗು, ಗೇಟಿಗೆ ಆನಿಸಿಟ್ಟ ಕೋಲು.

ಎಲ್ಲರ ಕಣ್ಣೂ ಬಾಳವ್ವನ ಕಡೆ ತಿರುಗಿದವು.

“ನಾ ಕಬ್ಬಿಗೆ ನೀರ ಬಂದೈತೋ ಇಲ್ಲೋ ನೋಡಾಕ ಹೋಗಿದ್ದೆ,” ಎಂದಳು ಬಾಳವ್ವ.

ಮುಂದಿನ ಚಿತ್ರ ಬಂತು. ಅದರಲ್ಲೂ ಬಾಳವ್ವ.

“ಅವತ್ತೂ ನೀರ.”

ಮತ್ತೊಂದು. ಆಮೇಲೆ ಮತ್ತೊಂದು. ನಲವತ್ತನೆಯದಕ್ಕೆ ಆಕೆ ನೀರಿನ ಮಾತು ಬಿಟ್ಟಳು. ಸತ್ತಾನ ಅಂತ ಮೊರದಿಂದ ತಲೆ ಎತ್ತದೆ ಹೇಳಿದ ಗುರುವಾರದ ಮುಂಜಾನೆಯೂ ಅದರಲ್ಲಿ ಇತ್ತು.

“ಅತ್ತಿ,” ಎಂದಳು ದಾಕ್ಷಾಯಿಣಿ, ಅಷ್ಟೇ. ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಮುಖವನ್ನು ಆ ಕಡೆ ತಿರುಗಿಸಿದಳು. ಒಂದೇ ಮನೆಯ ಇಬ್ಬರು ಹೆಂಗಸರು, ಒಂದೇ ಗೇಟಿಗೆ, ಒಬ್ಬರಿಗೊಬ್ಬರು ತಿಳಿಯದಂತೆ ಹೋಗಿ ಬರುತ್ತಿದ್ದರು. ಹೊರಗೆ ಮಾಯಪ್ಪ ಎದ್ದು ಕಂಬಳಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತ ನಿಂತ.

ಆಗ ಪರದೆಯ ಮೇಲೆ ಇನ್ನೊಂದು ಚಿತ್ರ ಇಳಿಯತೊಡಗಿತು. ಶ್ರೀಶೈಲ ಮೂಲೆಯಲ್ಲಿದ್ದ ಸಮಯವನ್ನು ಓದಿದ, ಗೋಡೆಯ ಗಡಿಯಾರವನ್ನು ನೋಡಿದ.

“ಇದು ಹಳೇದಲ್ಲ. ಈಗಿಂದು.”

ದಾಕ್ಷಾಯಿಣಿ ಇಲ್ಲೇ ಇದ್ದಳು. ಬಾಳವ್ವ ಇಲ್ಲೇ ಇದ್ದಳು. ಗೇಟಿನಲ್ಲಿ ಯಾರೋ ನಿಂತಿದ್ದರು.

ಆಕಾಶ. ಕಬ್ಬಿನ ಸುಳಿ. ರಸ್ತೆ. ಒಂದು ತಲೆ. ಗಂಡಸಿನದು, ಬಿಳಿ ವಸ್ತ್ರ ಸುತ್ತಿದ್ದು. ಭುಜ ಬರುವ ಮೊದಲೇ ಪಕ್ಕದಲ್ಲಿ ಏನೋ ಸರಿದಂತಾಯಿತು. ನೋಡಿದರೆ ಬಾಳವ್ವ ಜಾಗದಲ್ಲಿ ಇರಲಿಲ್ಲ. ಮೊಣಕಾಲು ನೋವೆಂದು ಎರಡು ವರ್ಷದಿಂದ ಗುಡಿಯ ಮೆಟ್ಟಿಲು ಹತ್ತದ ಹೆಂಗಸು, ಕೋಲನ್ನು ಇಲ್ಲೇ ಬಿಟ್ಟು ಹಿತ್ತಲಿಗೆ ಓಡಿದ್ದಳು. ದಾಕ್ಷಾಯಿಣಿ ಹಿಂದೆ, ನಾವು ಅವಳ ಹಿಂದೆ.

ಗೇಟಿನ ಆಚೆ ನಿಂತಿದ್ದವರು ಮಣ್ಣಿನ ಶಾಸ್ತ್ರ ಮಾಡಿಸುವ ಅಯ್ಯನವರು. ಐದು ಹತ್ತರ ಬಸ್ಸಿಗೇ ಇಳಿದು, ರಸ್ತೆ ಕವಲೊಡೆಯುವ ಫಾಟಾದ ಅಂಗಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ನಿಧಾನಕ್ಕೆ ಬಂದಿದ್ದರು. ಬಂದವರಿಗೆ ಒಳಗಿನ ಗದ್ದಲ ಕೇಳಿ, ಈ ಮನೆಯ ಸುದ್ದಿ ಮೊದಲೇ ಗೊತ್ತಿದ್ದದ್ದರಿಂದ, ಹೋಗುವುದೋ ತಿರುಗುವುದೋ ತಿಳಿಯದೆ ಗೇಟಿನಲ್ಲೇ ನಿಂತುಬಿಟ್ಟಿದ್ದರು. ಕೈಯಲ್ಲಿ ಮಂಗಳವಾರದ ಸಾಮಾನಿನ ಯಾದಿ.

ಬಾಳವ್ವ ಗೇಟಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಅವರ ಮುಖವನ್ನು ನೋಡಿದಳು. ಅವರ ಹಿಂದಿನ ರಸ್ತೆಯನ್ನು ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

“ಯಾಕ ಬಂದೀರಿ ಅಯ್ಯಾರ?”

“ನೀವ ಹೇಳಿ ಕಳಿಸಿದ್ರಲ್ಲ ಬಾಳವ್ವ. ಅಮಾವಾಸಿಗೆ ಮಣ್ಣ ಕೊಡೋದೈತಿ ಅಂತ.”

“ಯಾರಿಗೆ?”

ಅಯ್ಯನವರು ನಮ್ಮ ಕಡೆ ನೋಡಿದರು. ನಾವು ನೆಲ ನೋಡಿದೆವು.

“ಮಹೇಶಗ,” ಎಂದರು ಮೆಲ್ಲಗೆ.

“ನನ್ನ ಮಗ ಊರಿಗೆ ಹೋಗ್ಯಾನ್ರಿ,” ಎಂದಳು ಬಾಳವ್ವ. “ಮನಿಯಾಗ ಇಲ್ಲ.”

“ಮೂರ ವರ್ಷ ಆತಲ್ಲಬೇ.”

“ಆಗಲಿ. ಒಳಗ ಬರ್ರಿ, ಚಾ ಕುಡದ ಹೋಗ್ರಿ.”

ಅಯ್ಯನವರು ಯಾದಿಯನ್ನು ಮಡಚಿ ಜೋಳಿಗೆಗೆ ಹಾಕಿಕೊಂಡರು. ಬಾಳವ್ವ ಸೊಸೆಯ ತೋಳು ಹಿಡಿದುಕೊಂಡು ಮನೆಯ ಕಡೆ ನಡೆದಳು. ಓಡುವಾಗ ಇಲ್ಲದ ಮೊಣಕಾಲು ನೋವು ತಿರುಗಿ ಬಂದಿತ್ತು.

ಚಹಾ ಆಯಿತು. ಅಯ್ಯನವರು ಹೋದರು, ಮಾಯಪ್ಪ ಜೋಳ ಹೊತ್ತುಕೊಂಡು ಹೋದ. ಸುಂದ್ರವ್ವ ಯಾರಿಗೂ ಏನೂ ಹೇಳುವುದಿಲ್ಲ ಎಂದು ಆಣೆ ಮಾಡಿ, ಆ ಸುದ್ದಿಯನ್ನು ಹೇಳಲು ಹೋದಳು. ಶ್ರೀಶೈಲ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುತ್ತಿದ್ದಾಗ ದಾಕ್ಷಾಯಿಣಿ ಬಂದು ಎದುರಿಗೆ ನಿಂತಳು.

“ಬಾವಾರ, ಆ ಏಳನೇ ನಂಬರ ಇನ್ನ ನಿಮ್ಮ ಹತ್ರ ಐತೇನ್ರಿ?”

“ಐತವ್ವ. ಬೇಕಂದ್ರ ಇಲ್ಲೇ ಇಡತೇನಿ. ಇನ್ನ ಮ್ಯಾಲ ಅದು ಹಂಗ ಒದರೂದಿಲ್ಲ, ಅಂಜಿಕಿನೂ ಇರೂದಿಲ್ಲ.”

“ಬ್ಯಾಡ್ರಿ. ಬಿಟ್ಟಬಿಡ್ರಿ. ಅವರ ಬಂದಾಗ ಬೇಕಾಗತೈತಿ.”

ಶ್ರೀಶೈಲ ಲ್ಯಾಪ್‌ಟಾಪನ್ನು ಚೀಲದಿಂದ ಮತ್ತೆ ತೆಗೆದ. ತನ್ನ ಹಳೆಯ ನಂಬರನ್ನು ಹಾಕಿಕೊಂಡು, ಏಳನ್ನು ಖಾಲಿ ಮಾಡಿ, ಖಾಲಿಯಾಯಿತೋ ಇಲ್ಲವೋ ಎಂದು ಎರಡು ಸಲ ನೋಡಿದ.